ಶೂನ್ಯಾಗಾರ: ಗಿರಿಗುಹೆಗಳ ನಿರ್ಮಾಣವೂ ನಮ್ಮ ಹೊಣೆಯೂ

(ಇಡಗುಂದಿಯ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



 ಪಂಚಕಲ್ಯಾಣಗಳ ಮಹಿಮೆಯನ್ನಾಗಲಿ, ತತ್ತ್ವದ ಗಹನ ವಿಚಾರಗಳನ್ನಾಗಲಿ ವಿವರಿಸಲು ಈ ಸಭೆಯಲ್ಲಿ ನನಗಿಂತ ಬಲ್ಲವರಿದ್ದಾರೆ. ನಾನಾದರೋ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತನಾದ ಒಬ್ಬ ಅಧ್ಯಾಪಕ. ಆದುದರಿಂದ ನನಗೆ ಅಲ್ಪಸ್ವಲ್ಪ ತಿಳಿದಿರುವ ಕಲ್ಲು ನೀರುಗಳ ವಿಷಯವನ್ನೇ ಆರಿಸಿಕೊಂಡು, ಗುಹೆಗಳು ಹೇಗೆ ಉಂಟಾಗುತ್ತವೆ, ಅವುಗಳಿಗೂ ನಮ್ಮ ಧರ್ಮಕ್ಕೂ ಇರುವ ನಂಟೇನು ಎಂಬುದನ್ನು ತಮ್ಮ ಮುಂದಿಡಬಯಸುತ್ತೇನೆ.

ಪ್ರತಿಷ್ಠೆಯ ಮಂಟಪದಲ್ಲಿ ಗುಹೆಯ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ‘ಬಸದಿ’ ಎಂಬ ನಮ್ಮ ನಿತ್ಯಬಳಕೆಯ ಮಾತು ಸಂಸ್ಕೃತದ ‘ವಸತಿ’ ಎಂಬುದರಿಂದ ಬಂದುದು. ವಸತಿಯೆಂದರೆ ತಂಗುವ ಎಡೆ. ಕಲ್ಲು ಕಡೆದು, ಕಂಬ ನಿಲ್ಲಿಸಿ ಬಸದಿಗಳನ್ನು ಕಟ್ಟುವುದಕ್ಕೆ ಬಹು ಮುನ್ನವೇ ನಮ್ಮ ಮುನಿಗಳಿಗೆ ವಸತಿಯಾಗಿದ್ದುದು ಗಿರಿಗುಹೆ. ಇಂದಿಗೂ ಗರ್ಭಗೃಹದ ಹೊಸ್ತಿಲಲ್ಲಿ ನಿಂತು ನೋಡಿರಿ: ಕಿಟಕಿಯಿಲ್ಲ, ಒಂದೇ ಬಾಗಿಲು, ಒಳಗೆ ತಂಪು, ಮಬ್ಬುಗತ್ತಲೆ, ಒಂದು ದೀಪ. ಗುಹೆಯ ನೆನಪು ಅಲ್ಲಿ ಇನ್ನೂ ಉಳಿದಿದೆಯೆಂದು ನನಗೆ ತೋರುತ್ತದೆ.

ನಾವಿಂದು ಸೇರಿರುವ ಈ ಸೀಮೆ ನೀರಿನ ಸೀಮೆ. ಇಡಗುಂದಿಯನ್ನು ದಾಟಿ ಅರಬೈಲು ಘಟ್ಟವನ್ನು ಇಳಿದರೆ ಅಂಕೋಲೆಯ ಕಡಲಕರೆ. ಅತ್ತ ಮಾಗೋಡಿನಲ್ಲಿ ಬೇಡ್ತಿ ಹೊಳೆಯು ಬಂಡೆಗಳ ನಡುವೆ ಧುಮುಕಿ, ಮುಂದೆ ಗಂಗಾವಳಿ ಎನಿಸಿಕೊಂಡು ಸಮುದ್ರವನ್ನು ಸೇರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಇಲ್ಲಿ ಮಾಡಿನಿಂದ, ಮರದಿಂದ, ಮಣ್ಣಿನಿಂದ ಹನಿಯುವ ಸದ್ದು ನಿಲ್ಲುವುದೇ ಇಲ್ಲ. ಈ ಹನಿಯೇ ಗುಹೆಯ ಶಿಲ್ಪಿ. ಹೊಳೆಯ ಪ್ರವಾಹವು ಕಣ್ಣಿಗೆ ಕಾಣುವಂತೆ ಕಲ್ಲನ್ನು ಕೊರೆಯುತ್ತದೆ. ಹನಿಯಾದರೋ ಕಾಣದಂತೆ ಕರಗಿಸುತ್ತದೆ.

ಗುಹೆಗಳು ಹಲವು ಬಗೆಯವು. ಜ್ವಾಲಾಮುಖಿಯ ಲಾವಾರಸವು ಹರಿದುಹೋದ ಮೇಲೆ ಉಳಿಯುವ ಕೊಳವೆಗಳುಂಟು. ಕಡಲಲೆಗಳು ಬಡಿದು ಬಡಿದು ಮಾಡಿದ ಪೊಟರೆಗಳುಂಟು. ನಮ್ಮ ನಾಡಿಗೂ ನಮ್ಮ ಸಮಾಜಕ್ಕೂ ಹತ್ತಿರವಾದವು ಮೂರು ಬಗೆ. ನೀರು ಕರಗಿಸಿ ಮಾಡಿದವು ಮೊದಲನೆಯವು. ಬಂಡೆಗಳು ಸೀಳಿ, ಉರುಳಿ, ಒಂದಕ್ಕೊಂದು ಒರಗಿ ಉಂಟಾದವು ಎರಡನೆಯವು. ಮನುಷ್ಯನು ಉಳಿ ಹಿಡಿದು ಕಡೆದವು ಮೂರನೆಯವು.

ಮೊದಲನೆಯದನ್ನು ನೋಡೋಣ. ಆಕಾಶದಿಂದ ಬೀಳುವ ಮಳೆಹನಿಯು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಕಾಡಿನ ನೆಲದಲ್ಲಿ ಕೊಳೆಯುವ ತರಗೆಲೆ, ಉಸಿರಾಡುವ ಬೇರುಗಳಿಂದಾಗಿ ಮಣ್ಣಿನೊಳಗೆ ಆ ವಾಯು ಇನ್ನೂ ಹೆಚ್ಚಾಗಿರುತ್ತದೆ. ಮಣ್ಣನ್ನು ಹಾದು ಇಳಿಯುವಷ್ಟರಲ್ಲಿ ಹನಿಯು ಅತ್ಯಂತ ಸೌಮ್ಯವಾದ ಒಂದು ಆಮ್ಲವಾಗಿರುತ್ತದೆ. ಕುಡಿದರೆ ನಾಲಗೆಗೆ ತಿಳಿಯದಷ್ಟು ಸೌಮ್ಯ. ಆದರೆ ಸುಣ್ಣಕಲ್ಲಿಗೆ ಅದು ತಿಳಿಯುತ್ತದೆ. ಬಿರುಕಿನೊಳಕ್ಕೆ ಇಳಿದ ಹನಿಯು ಕಲ್ಲಿನ ಕಣಗಳನ್ನು ಕರಗಿಸಿ ತನ್ನೊಡನೆ ಒಯ್ಯುತ್ತದೆ. ಕೂದಲೆಳೆಯಂಥ ಬಿರುಕು ಬೆರಳಷ್ಟಾಗಿ, ಬೆರಳಿನದು ಬಾಗಿಲಷ್ಟಾಗಿ, ಬಾಗಿಲಿನದು ಮಂಟಪವಾಗಲು ಸಾವಿರಾರು ವರ್ಷಗಳಲ್ಲ, ಲಕ್ಷಾಂತರ ವರ್ಷಗಳು ಬೇಕಾಗುತ್ತವೆ.

ಇದಕ್ಕೆ ನಮ್ಮ ಜಿಲ್ಲೆಯ ಸುಪ್ರಸಿದ್ಧ ನಿದರ್ಶನ ಕುಮಟಾ ತಾಲೂಕಿನ ಯಾಣ. ಕಾಡಿನ ನಡುವೆ ಕಪ್ಪಾದ ಸ್ಫಟಿಕರೂಪದ ಸುಣ್ಣಕಲ್ಲಿನ ಎರಡು ಮಹಾಶಿಖರಗಳು ನಿಂತಿವೆ. ಭೈರವೇಶ್ವರ ಶಿಖರವು ಸುಮಾರು 120 ಮೀಟರ್, ಮೋಹಿನಿ ಶಿಖರವು ಸುಮಾರು 90 ಮೀಟರ್ ಎತ್ತರ. ಭಸ್ಮಾಸುರನು ಉರಿದು ಬಿದ್ದ ಬೂದಿಯಿಂದ ಅಲ್ಲಿನ ನೆಲ ಕಪ್ಪಾಯಿತೆಂಬುದು ಜನರ ನಂಬುಗೆ. ಭೂವಿಜ್ಞಾನವು ಹೇಳುವುದಿಷ್ಟು: ಸುತ್ತಲಿನ ಕಲ್ಲನ್ನು ಮಳೆ ಕರಗಿಸಿ ಒಯ್ದಿತು; ಗಟ್ಟಿಯಾದುದು ಉಳಿಯಿತು. ಭೈರವೇಶ್ವರ ಶಿಖರದ ಬುಡದ ಗುಹೆಯಲ್ಲಿ ಇಂದಿಗೂ ಮೇಲಿನಿಂದ ನೀರು ಹನಿಯುತ್ತಿದೆ. ಭಕ್ತರು ಅದನ್ನು ಗಂಗೆಯೆಂದು ಭಾವಿಸಿ ತಲೆಬಾಗುತ್ತಾರೆ. ಶಿಲ್ಪಿಯು ಇನ್ನೂ ಕೆಲಸ ಮುಗಿಸಿ ಎದ್ದಿಲ್ಲ ಎಂದು ನಾವು ತಿಳಿಯಬಹುದು.

ಕರಗಿಸುವುದು ಹನಿಯ ಒಂದು ಕೆಲಸವಾದರೆ, ಕಟ್ಟುವುದು ಇನ್ನೊಂದು ಕೆಲಸ. ಸುಣ್ಣವನ್ನು ಕರಗಿಸಿಕೊಂಡ ಹನಿಯು ಗುಹೆಯ ಮಾಡಿಗೆ ಬಂದು ತೂಗುತ್ತದೆ. ಅಲ್ಲಿನ ಬಯಲು ಗಾಳಿಯಲ್ಲಿ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ವಾಯು ಹೋದಮೇಲೆ ಸುಣ್ಣವನ್ನು ಹಿಡಿದಿಡುವ ಶಕ್ತಿ ಹನಿಗಿಲ್ಲ. ಅತಿ ತೆಳುವಾದ ಒಂದು ಉಂಗುರವನ್ನು ಮಾಡಿಗೆ ಅಂಟಿಸಿ ಅದು ಕೆಳಗೆ ಬೀಳುತ್ತದೆ. ಬಯಲುಸೀಮೆಯ ಗಡಸು ನೀರನ್ನು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಪೊರೆ ಕಟ್ಟುವುದನ್ನು ತಾಯಂದಿರು ನೋಡಿದ್ದೀರಿ. ಅಲ್ಲಿ ಬೆಂಕಿಯು ವಾಯುವನ್ನು ಓಡಿಸುತ್ತದೆ, ಇಲ್ಲಿ ತಾನಾಗಿಯೇ ಹೋಗುತ್ತದೆ, ಕ್ರಿಯೆ ಒಂದೇ.

ಉಂಗುರದ ಮೇಲೆ ಉಂಗುರ ಸೇರಿ ಮಾಡಿನಿಂದ ಕೆಳಕ್ಕೆ ಒಂದು ಟೊಳ್ಳು ಕೊಳವೆ ಇಳಿಯತೊಡಗುತ್ತದೆ. ಅದರ ದಪ್ಪ ಒಂದು ಹನಿಯ ದಪ್ಪ ಮಾತ್ರ. ಮುಂದೆ ಅದರ ಹೊರಮೈಯಲ್ಲಿಯೂ ನೀರಿಳಿದು ಅದು ಕೊಂಬಿನಂತೆ ದಪ್ಪವಾಗುತ್ತದೆ. ಇದನ್ನು ಪಠ್ಯಪುಸ್ತಕಗಳಲ್ಲಿ ಸ್ಟ್ಯಾಲಕ್ಟೈಟ್ ಎನ್ನುತ್ತಾರೆ. ಅನುಕೂಲಕ್ಕಾಗಿ ನಾನು ತೂಗುಕಲ್ಲು ಎನ್ನುತ್ತೇನೆ. ಕೆಳಗೆ ಬಿದ್ದ ಹನಿಯಲ್ಲಿ ಉಳಿದಿದ್ದ ಸುಣ್ಣದಿಂದ ನೆಲದ ಮೇಲೆ ಒಂದು ಗುಬುಟು ಏಳುತ್ತದೆ. ಅದು ಸ್ಟ್ಯಾಲಗ್ಮೈಟ್, ಏಳುಕಲ್ಲು. ಎರಡೂ ಕೂಡಿದರೆ ಕಂಬ. ಇಳಿಜಾರು ಮಾಡಿನಲ್ಲಿ ಹನಿಯು ಜಾರುತ್ತ ಹೋದರೆ ಸೀರೆಯ ನೆರಿಗೆಯಂಥ ಪರದೆ. ಹನಿ ಬೀಳುವ ಸಣ್ಣ ಗುಳಿಯಲ್ಲಿ ಮರಳಿನ ಕಣವೊಂದು ಹೊರಳುತ್ತಿದ್ದರೆ ಅದರ ಸುತ್ತ ಪದರಗಟ್ಟಿ ಗುಹೆಯ ಮುತ್ತು. ಜೋಯಿಡಾ–ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ ಹೀಗೆ ಎದ್ದ ಏಳುಕಲ್ಲನ್ನೇ ಜನರು ಶಿವಲಿಂಗವೆಂದು ಪೂಜಿಸುತ್ತಾರೆ. ಶಿವರಾತ್ರಿಗೆ ಅಲ್ಲಿ ಜನಸಾಗರ. ಹನಿಯು ಕಟ್ಟಿದ ರೂಪದೆದುರು ಮನುಷ್ಯನು ಕೈಮುಗಿಯುವುದು ಎಲ್ಲ ಸಮಾಜಗಳಲ್ಲಿಯೂ ಕಂಡುಬರುವ ಸ್ವಭಾವ.

ಈ ಬೆಳವಣಿಗೆಯ ವೇಗ ಎಷ್ಟು? ಗುಹೆಯಿಂದ ಗುಹೆಗೆ ಭೇದವುಂಟು. ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಎಂದು ಲೆಕ್ಕ ಹಿಡಿಯುತ್ತಾರೆ. ಎಂದರೆ ನೂರು ವರ್ಷಕ್ಕೆ ಒಂದು ಸೆಂಟಿಮೀಟರ್. ನಮ್ಮ ಮುತ್ತಜ್ಜನ ಕಾಲದಿಂದ ನಮ್ಮ ಕಾಲದವರೆಗೆ ಬೆಳೆದುದು ಕಿರುಬೆರಳಿನ ಉಗುರಿನಷ್ಟು. ಈ ಲೆಕ್ಕವನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಾನು ಇದಕ್ಕೆ ಮರಳಿ ಬರುತ್ತೇನೆ.

ನಮ್ಮ ಸಿದ್ಧಾಂತವನ್ನು ಬಲ್ಲವರಿಗೆ ಇಲ್ಲಿ ಒಂದು ಹೋಲಿಕೆ ಹೊಳೆಯದಿರದು. ಕರ್ಮವು ಹರಿದು ಬರುವುದು ಆಸ್ರವ, ಅಂಟುವುದು ಬಂಧ, ಕಳಚಿಹೋಗುವುದು ನಿರ್ಜರೆ. ಹನಿಹನಿಯಾಗಿ ಬಂದು ಕಲ್ಲಾಗಿ ನಿಲ್ಲುವುದನ್ನೂ, ಕಲ್ಲಾಗಿದ್ದುದು ಹನಿಹನಿಯಾಗಿ ಕರಗಿ ಬಯಲಾಗುವುದನ್ನೂ ಒಂದೇ ಮಾಡಿನ ಕೆಳಗೆ ತೋರಿಸುವ ಶಾಲೆ ಗುಹೆ. ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ಕಲ್ಲಿಗೆ ಕರಗುವ ಸಂಕಲ್ಪವಿಲ್ಲ, ಜೀವಕ್ಕೆ ತಪಸ್ಸಿನ ಸಂಕಲ್ಪವಿದೆ. ಆದರೂ ದೊಡ್ಡದಾದ ಯಾವುದೂ ಒಂದೇ ದಿನದಲ್ಲಿ ಅಂಟಿದ್ದಲ್ಲ, ಒಂದೇ ದಿನದಲ್ಲಿ ಕಳಚುವಂಥದೂ ಅಲ್ಲ ಎಂಬ ಪಾಠ ಎರಡಕ್ಕೂ ಸಮಾನ.

ಹನಿಯು ಹೀಗೆ ತೋಡಿದ ಮನೆಗಳು ಪ್ರಪಂಚದಲ್ಲಿ ಎಷ್ಟು ದೊಡ್ಡವಿವೆಯೆಂಬುದನ್ನು ಕೇಳಿದರೆ ಅಚ್ಚರಿಯಾಗುತ್ತದೆ. ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ಈವರೆಗೆ ಅಳೆದಿರುವ ದಾರಿ 680 ಕಿಲೋಮೀಟರಿಗೂ ಹೆಚ್ಚು. ವಿಯೆಟ್ನಾಮಿನ ಸೊನ್ ಡೂಂಗ್ ಗುಹೆಯೊಳಗೆ ಹೊಳೆಯಿದೆ, ಮಾಡು ಕುಸಿದಲ್ಲಿ ಬೆಳಕು ಬಿದ್ದು ಕಾಡೇ ಬೆಳೆದಿದೆ. ನಮ್ಮ ದೇಶದ ಅತಿ ಉದ್ದದ ಗುಹೆಗಳು ಮೇಘಾಲಯದಲ್ಲಿವೆ. ನಮಗೆ ಹತ್ತಿರದಲ್ಲಿ, ಆಂಧ್ರದ ನಂದ್ಯಾಲ ಜಿಲ್ಲೆಯ ಬೇಲಂ ಗುಹೆಯ ಉದ್ದ 3,229 ಮೀಟರ್. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲಿ ಅದನ್ನು ದಾಖಲಿಸಿದನು.

ನಮ್ಮ ಘಟ್ಟ ಕರಾವಳಿಗಳ ಚಿರೇಕಲ್ಲಿನಲ್ಲಿಯೂ ನೀರು ಒಳದಾರಿ ಮಾಡಿಕೊಳ್ಳುವುದುಂಟು. ದಕ್ಷಿಣ ಕನ್ನಡದ ನೆಲ್ಲಿತೀರ್ಥದ ಗುಹೆ ಅಂಥದು. ಕಾಸರಗೋಡಿನ ಕಡೆಯ ರೈತರು ಚಿರೇಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡಿ, ಜಿನುಗುವ ನೀರನ್ನು ತೋಟಕ್ಕೆ ಹರಿಸಿಕೊಂಡುದು ಗುಡ್ಡದ ಈ ಗುಣವನ್ನು ಬಲ್ಲವರ ಜಾಣ್ಮೆ. ಚಿರೇಕಲ್ಲಿನ ಕೆಳಗಿನ ಮೆದು ಮಣ್ಣಿನಲ್ಲಿ ನೀರು ಕಾಣದ ಕೊಳವೆಗಳನ್ನು ತೋಡಿ, ಒಂದು ದಿನ ಮೇಲ್ನೆಲವೇ ಕುಸಿಯುವುದನ್ನು ಕೇರಳದ ಬೆಟ್ಟಗಳಲ್ಲಿ ಭೂವಿಜ್ಞಾನಿಗಳು ಅಭ್ಯಸಿಸಿದ್ದಾರೆ. 2021ರ ಜುಲೈ ತಿಂಗಳಿನ ಮಳೆಯಲ್ಲಿ ಇದೇ ಅರಬೈಲು ಘಟ್ಟ ಜರಿದುದನ್ನೂ, ಕಳಚೆಯಲ್ಲಿ ಮನೆ ತೋಟಗಳು ಹೋದುದನ್ನೂ ಈ ಸಭೆಯಲ್ಲಿರುವವರು ಮರೆತಿಲ್ಲ. ಗುಡ್ಡ ಕುಸಿಯಲು ಕಾರಣಗಳು ಹಲವು: ಅತಿವೃಷ್ಟಿ, ಕಡಿದಾದ ಇಳಿಜಾರು, ನಾವು ಕೊರೆದ ಬುಡ, ನಾವು ಮುಚ್ಚಿದ ನೀರಿನ ದಾರಿ. ಗುಡ್ಡವೆಂಬುದು ನಾವು ತಿಳಿದಂತೆ ಗಟ್ಟಿ ಮುದ್ದೆಯಲ್ಲ. ಅದರೊಳಗೆ ನೀರಿನದೊಂದು ಸಂಸಾರವಿದೆ. ಅದನ್ನರಿಯದೆ ಕೈಹಾಕಿದರೆ ಅದು ನಮ್ಮ ಸಂಸಾರದ ಮೇಲೆ ಬೀಳುತ್ತದೆ.

ಇನ್ನು ಎರಡನೆಯ ಬಗೆಯ ಗುಹೆ. ಬೆಣಚು ಬೆರೆತ ಕರಿಕಲ್ಲು ಸುಣ್ಣಕಲ್ಲಿನಂತೆ ಕರಗದು. ಬಿಸಿಲು ಮಳೆಗಳಿಗೆ ಅದು ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ, ಬಿರುಕುಬಿಟ್ಟು ಗುಂಡುಗಳಾಗುತ್ತದೆ. ಗುಂಡುಗಳು ಒಂದಕ್ಕೊಂದು ಒರಗಿದಾಗ ನಡುವೆ ಒಬ್ಬಿಬ್ಬರು ಕೂರುವಷ್ಟು ನೆರಳು ಉಳಿಯುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಭದ್ರಬಾಹು ಗುಹೆ ಇಂಥದು. ಶ್ರುತಕೇವಲಿ ಭದ್ರಬಾಹು ಸ್ವಾಮಿಗಳು ಸಲ್ಲೇಖನ ಸ್ವೀಕರಿಸಿದರೆಂದು ನಮ್ಮ ಪರಂಪರೆ ಹೇಳುವ ಆ ಎಡೆಯಲ್ಲಿ ಇಂದು ಅವರ ಪಾದಚಿಹ್ನೆಗಳಿವೆ. ಎದುರಿನ ಬೆಟ್ಟದ ಬಾಹುಬಲಿ ಸ್ವಾಮಿಯನ್ನು ನೋಡಲು ಹೋಗುವ ನೂರು ಮಂದಿಯಲ್ಲಿ ಎಷ್ಟು ಮಂದಿ ಈ ಚಿಕ್ಕ ಗುಹೆಗೆ ಬಗ್ಗಿ ಹೋಗಿದ್ದೇವೆ? ನಾಡಿನ ಜೈನ ಇತಿಹಾಸದ ಮೊದಲ ಬಾಗಿಲು ಅದೇ ಅಲ್ಲವೇ?

ಕೊಪ್ಪಳವೂ ಅಷ್ಟೆ. ಪ್ರಾಚೀನ ಶಾಸನಗಳ ಕೊಪಣವಾದ ಆ ಮಹಾತೀರ್ಥದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ. ಪಾಲ್ಕಿಗುಂಡಿನಲ್ಲಿಯೇ ‘ವರಾಂಗಚರಿತ’ದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬುವನು ಮಾಡಿಸಿದನೆಂಬ ಹಳಗನ್ನಡ ಬರಹವೂ ಇದೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಸಿತ್ತನ್ನವಾಸಲಿನ ಬೆಟ್ಟದ ನೈಸರ್ಗಿಕ ಗುಹೆಯಲ್ಲಿ ನುಣುಪುಗೊಳಿಸಿದ 17 ಕಲ್ಲುಹಾಸಿಗೆಗಳಿವೆ. ತಲೆಯ ಕಡೆ ದಿಂಬಿನಂತೆ ಸ್ವಲ್ಪ ಎತ್ತರ. ಕ್ರಿಸ್ತಪೂರ್ವ ಕಾಲದ ತಮಿಳು–ಬ್ರಾಹ್ಮೀ ಬರಹವೂ ಅಲ್ಲಿದೆ. ಎರಡು ಸಾವಿರ ವರ್ಷಗಳ ಹಿಂದೆ ಆ ಹಾಸಿಗೆಯ ಮೇಲೆ ಮೈಚಾಚಿದ ಮುನಿಯ ಹೆಸರು ನಮಗೆ ತಿಳಿಯದು. ಆತನ ವ್ರತದ ಗುರುತು ಮಾತ್ರ ಕಲ್ಲಿನಲ್ಲಿ ಉಳಿದಿದೆ.

ಮೂರನೆಯ ಬಗೆಯ ಗುಹೆಗಳು ತಮಗೆ ಪರಿಚಿತವಾದವು. ಒಡಿಶಾದ ಉದಯಗಿರಿಯ ಹಾಥಿಗುಂಫಾ ಮೂಲತಃ ನೈಸರ್ಗಿಕ ಗುಹೆ. ಅದರ ಬಂಡೆಯ ಮೇಲೆ ಕಳಿಂಗದ ಖಾರವೇಲ ಮಹಾರಾಜನ 17 ಸಾಲುಗಳ ಶಾಸನವಿದೆ. ಅರಿಹಂತರಿಗೂ ಸಿದ್ಧರಿಗೂ ನಮಸ್ಕರಿಸಿ ಅದು ತೊಡಗುತ್ತದೆ. ನಂದರಾಜನು ಒಯ್ದಿದ್ದ ಕಳಿಂಗದ ಜಿನಬಿಂಬವನ್ನು ಖಾರವೇಲನು ಮರಳಿ ತಂದ ಸಂಗತಿಯನ್ನು ಹೇಳುತ್ತದೆ. ನಮ್ಮ ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಚಾಲುಕ್ಯರ ಕಾಲದ ನಾಲ್ಕು ಗುಹಾಲಯಗಳಿದ್ದು, ಎಲ್ಲಕ್ಕಿಂತ ಮೇಲಿನದು, ಗಾತ್ರದಲ್ಲಿ ಚಿಕ್ಕದು, ಜಿನಾಲಯ. ಅಲ್ಲಿಯೂ ಐಹೊಳೆಯ ಮೀನಬಸದಿಯಲ್ಲಿಯೂ ಪಾರ್ಶ್ವನಾಥ ಬಾಹುಬಲಿಗಳು ಎದುರುಬದುರಾಗಿ ನಿಂತಿದ್ದಾರೆ. ಎಲ್ಲೋರದಲ್ಲಿ 30ರಿಂದ 34ರವರೆಗಿನವು ನಮ್ಮ ಗುಹೆಗಳು. ಅಲ್ಲಿನ ಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸ. ಇಂದ್ರಸಭೆಯ ಅಂಗಳದಲ್ಲಿ ಶಿಲ್ಪಿಗಳು ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಕಡೆಯುತ್ತ ಬಂದು, ನಡುವೆ ಒಂದು ಮಂಟಪವನ್ನು ಏಕಶಿಲೆಯಲ್ಲಿಯೇ ಉಳಿಸಿದರು. ಬೇಡವಾದುದನ್ನು ತೆಗೆಯುವುದೇ ಅಲ್ಲಿನ ಕಟ್ಟಡದ ರೀತಿ. ಆ ಪಾಠವನ್ನು ಶಿಲ್ಪಿಗೆ ಕಲಿಸಿದ್ದು ಹನಿಯೇ ಇರಬೇಕು.

ಧರ್ಮಬಂಧುಗಳೇ, ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ನಮ್ಮ ಮುನಿಗಳು ಗುಹೆಯನ್ನು ಆರಿಸಿಕೊಂಡುದೇಕೆ? ಆಳವಾದ ಗುಹೆಯೊಳಗಿನ ಉಷ್ಣತೆಯು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಇದು ವಿಜ್ಞಾನದ ಉತ್ತರ. ಆದರೆ ಶೀತೋಷ್ಣ ಪರೀಷಹಗಳನ್ನು ಗೆಲ್ಲಲು ಹೊರಟವರಿಗೆ ಈ ಸೌಕರ್ಯ ಮುಖ್ಯವಾಗಿರಲಾರದು. ಏಕಾಂತಕ್ಕಾಗಿ ಎಂಬುದು ಇನ್ನೊಂದು ಉತ್ತರ. ಅದೂ ನಿಜವೇ. ಆದರೆ ಶಾಸ್ತ್ರದ ಉತ್ತರ ಇವೆರಡಕ್ಕಿಂತ ಆಳವಾದುದು.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ವ್ರತಗಳಲ್ಲಿ ಒಂದೊಂದಕ್ಕೂ ಐದೈದು ಭಾವನೆಗಳನ್ನು ಹೇಳಿದೆ. ವ್ರತವು ಗಟ್ಟಿಯಾಗಿ ನಿಲ್ಲಲು ಬೇಕಾದ ಆಧಾರಗಳಿವು. ಶೂನ್ಯಾಗಾರದಲ್ಲಿ ವಾಸಿಸುವುದು ಯಾವ ವ್ರತದ ಭಾವನೆ? ಬ್ರಹ್ಮಚರ್ಯದ್ದಲ್ಲ, ಅಪರಿಗ್ರಹದ್ದೂ ಅಲ್ಲ. ಅದು ಅಚೌರ್ಯವ್ರತದ ಮೊದಲನೆಯ ಭಾವನೆ. ಶೂನ್ಯಾಗಾರವೆಂದರೆ ಗಿರಿಗುಹೆ, ಮರದ ಪೊಟರೆ ಮುಂತಾದವು ಎಂದು ನಮ್ಮ ಕನ್ನಡ ನಾಡಿನ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಪರರು ಬಿಟ್ಟುಹೋದ ಮನೆಯಲ್ಲಿರುವುದು ಎರಡನೆಯದು. ತಾನಿರುವ ಎಡೆಗೆ ಬರುವ ಪರರನ್ನು ತಡೆಯದಿರುವುದು ಮೂರನೆಯದು. ಎಂದರೆ, ಗುಹೆ ಯಾರದೂ ಅಲ್ಲದ ಮನೆ. ಅದರಲ್ಲಿ ತಂಗಿದರೆ ಯಾರಿಂದಲೂ ಏನನ್ನೂ ಕಸಿದಂತಾಗುವುದಿಲ್ಲ. ತಂಗಿದವನು ಅದನ್ನು ತನ್ನದೆನ್ನುವುದೂ ಇಲ್ಲ. ಎದ್ದು ಹೋಗುವಾಗ ಬಂದಾಗ ಇದ್ದಂತೆಯೇ ಅದನ್ನು ಬಿಟ್ಟು ಹೋಗುತ್ತಾನೆ. ಗುಹಾವಾಸದ ಮರ್ಮ ಇದು.

ಇಂದಿನ ವಿಜ್ಞಾನವು ಈ ಮಾತಿಗೆ ಒಂದು ಅರ್ಥವನ್ನು ಕೂಡಿಸಿದೆ. ಶೂನ್ಯಾಗಾರವು ಮನುಷ್ಯರಿಲ್ಲದ ಮನೆಯೇ ಹೊರತು ಜೀವಗಳಿಲ್ಲದ ಮನೆಯಲ್ಲ. ಪೃಥ್ವೀಕಾಯ, ಅಪ್ಕಾಯ ಜೀವಗಳನ್ನು ನಂಬುವ ನಮಗೆ ಇದು ಹೊಸದಲ್ಲ. ಕಣ್ಣಿಗೆ ಕಾಣುವ ಜೀವಗಳನ್ನೇ ನೋಡೋಣ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಬಾರಾಪೆಡೆ ಎಂಬ ಗುಹೆಯಿದೆ. ರಾಟನ್ನನ ಬಾಲಬಿಡು ಬಾವಲಿ ಎಂಬ ಅಪರೂಪದ ಬಾವಲಿ ಇಲ್ಲಿ ಬಾಳುತ್ತಿದೆ. ಬಹುಕಾಲ ಇಡೀ ಪ್ರಪಂಚದಲ್ಲಿ ಇದೊಂದೇ ಅದರ ನೆಲೆಯೆಂದು ತಿಳಿದಿದ್ದರು. ತರುವಾಯ ಮೇಘಾಲಯದಲ್ಲಿಯೂ ಕಾಂಬೋಡಿಯಾದಲ್ಲಿಯೂ ಕಂಡುಬಂದಿತು. ಮರಿಹಾಕುವ ಕಾಲದಲ್ಲಿ ಗದ್ದಲ, ದೀಪ, ಹೊಗೆಗಳಿಗೆ ಬೆದರಿ ಬಾವಲಿಗಳು ಹಾರಿದರೆ ಎಳೆಯ ಮರಿಗಳು ಕೆಳಗೆ ಬಿದ್ದು ಸಾಯುತ್ತವೆ. ಬಾವಲಿಯು ಅಪಶಕುನದ ಪ್ರಾಣಿಯಲ್ಲ. ಕೀಟಗಳನ್ನು ತಿಂದು ನಮ್ಮ ಬೆಳೆಯನ್ನು ಕಾಯುವ ನೆರೆಯವನು.

ಜೀವಗಳಷ್ಟೇ ಅಲ್ಲ, ಗುಹೆಯಲ್ಲಿ ಕಾಲದ ಲೆಕ್ಕವೂ ಇದೆ. ಏಳುಕಲ್ಲನ್ನು ಸೀಳಿದರೆ ಮರದ ವರ್ಷವಲಯಗಳಂತೆ ಪದರಗಳು ಕಾಣುತ್ತವೆ. ಯಾವ ಕಾಲದಲ್ಲಿ ಮಳೆ ಸಮೃದ್ಧ, ಯಾವಾಗ ಕ್ಷಾಮ ಎಂಬುದನ್ನು ಆ ಪದರಗಳಿಂದ ಓದಬಹುದು. ಮೇಘಾಲಯದ ಮಾವ್‌ಮ್ಲೂ ಗುಹೆಯ ಒಂದು ಏಳುಕಲ್ಲಿನಲ್ಲಿ, ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಕ್ಷೀಣಿಸಿದ ದೀರ್ಘ ಬರಗಾಲದ ಗುರುತು ಸಿಕ್ಕಿತು. ಅದನ್ನಾಧರಿಸಿ 2018ರಲ್ಲಿ ಪ್ರಪಂಚದ ಭೂವಿಜ್ಞಾನಿಗಳು ಅಂದಿನಿಂದ ಇಂದಿನವರೆಗಿನ ಕಾಲಕ್ಕೆ ‘ಮೇಘಾಲಯ ಯುಗ’ ಎಂದೇ ಹೆಸರಿಟ್ಟರು. ಒಂದು ಏಳುಕಲ್ಲು ಒಂದು ಶಾಸನ. ಅದನ್ನು ಮುರಿಯುವುದೆಂದರೆ ಓದದ ಶಾಸನವನ್ನು ಒಡೆದಂತೆ.

ಹಾನಿ ಮಾಡಲು ಕೈಯೆತ್ತಲೇಬೇಕೆಂದಿಲ್ಲ, ಉಸಿರೂ ಸಾಕು. ಫ್ರಾನ್ಸಿನ ಲಾಸ್ಕೋ ಗುಹೆಯಲ್ಲಿ ಆದಿಮಾನವರು ಬರೆದ ವರ್ಣಚಿತ್ರಗಳು 1940ರಲ್ಲಿ ಬೆಳಕಿಗೆ ಬಂದವು. 1948ರಲ್ಲಿ ಜನರಿಗೆ ಬಾಗಿಲು ತೆರೆದರು. ಹದಿನೇಳು ಸಾವಿರ ವರ್ಷಗಳಷ್ಟು ಕಾಲ ಕೆಡದಿದ್ದ ಚಿತ್ರಗಳು ನೋಡಬಂದವರ ಉಸಿರು, ಬೆವರು, ವಿದ್ಯುದ್ದೀಪಗಳಿಂದ ಹದಿನೈದೇ ವರ್ಷಗಳಲ್ಲಿ ಪಾಚಿಗಟ್ಟಿ ಮಂಕಾಗತೊಡಗಿದವು. 1963ರಲ್ಲಿ ಬಾಗಿಲು ಮುಚ್ಚಬೇಕಾಯಿತು. ಅವರು ಬಂದದ್ದು ಪ್ರೀತಿಯಿಂದಲೇ. ಪ್ರೀತಿಯೂ ಯತ್ನಾಚಾರವಿಲ್ಲದಿದ್ದರೆ ಹಿಂಸೆಯಾಗುತ್ತದೆ.

ಪರರ ಮಾತನ್ನು ಇಷ್ಟು ಹೇಳಿದ ಮೇಲೆ ನನ್ನದೊಂದು ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ಈ ಸಭೆಯಲ್ಲಿ ಅದನ್ನು ಹೇಳಿಕೊಳ್ಳಬೇಕೆಂದೇ ಬಂದಿದ್ದೇನೆ. 1981ರಲ್ಲಿ ನಾನು ಕಾಲೇಜು ವಿದ್ಯಾರ್ಥಿ. ಆ ವರ್ಷ ಶ್ರವಣಬೆಳಗೊಳದಲ್ಲಿ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕ. ಮನೆಯವರೊಡನೆ ಹೋಗಿ ದರ್ಶನ ಮಾಡಿ ಬಂದಿದ್ದೆ. ಅದೇ ವರ್ಷ ಗೆಳೆಯರೊಡನೆ ಪ್ರವಾಸದಲ್ಲಿ ಸುಣ್ಣಕಲ್ಲಿನ ಗುಹೆಯೊಂದನ್ನು ಹೊಕ್ಕೆ. ಕೈಗೆಟುಕುವ ಎತ್ತರದಲ್ಲಿ, ನಡುಬೆರಳಿಗಿಂತ ತುಸು ಉದ್ದದ ಒಂದು ತೂಗುಕಲ್ಲು. ತುದಿಯಲ್ಲಿ ಒಂದು ಹನಿ ಹೊಳೆಯುತ್ತಿತ್ತು. ಯಾರೂ ನೋಡದಾಗ ಅದನ್ನು ಮುರಿದು ಜೇಬಿಗೆ ಹಾಕಿಕೊಂಡೆ. ಮನೆಯ ಗೂಡಿನಲ್ಲಿಟ್ಟೆ. ತಿಂಗಳೊಳಗೆ ಹೊಳಪು ಹೋಗಿ ಅದು ಸೀಮೆಸುಣ್ಣದ ತುಂಡಿನಂತಾಯಿತು. ಬಂದವರಿಗೆ ಏನೆಂದು ಹೇಳಿದರೂ ನಂಬುತ್ತಿರಲಿಲ್ಲ.

ಮುಂದೆ ಅಧ್ಯಾಪಕನಾಗಿ, ನೂರು ವರ್ಷಕ್ಕೆ ಒಂದು ಸೆಂಟಿಮೀಟರ್ ಎಂಬ ಪಾಠವನ್ನು ಮಕ್ಕಳಿಗೆ ಹೇಳುತ್ತಿದ್ದಾಗ ಆ ತುಂಡು ನೆನಪಿಗೆ ಬಂದಿತು. ಸಂಜೆ ಮನೆಗೆ ಹೋಗಿ ಅಳೆದೆ. ಹತ್ತು ಸೆಂಟಿಮೀಟರ್. ಅಂದಾಜಿನ ಲೆಕ್ಕವೇ ಆದರೂ ಸಾವಿರ ವರ್ಷ. 981ರಲ್ಲಿ ಚಾವುಂಡರಾಯನು ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದ ಕಾಲದಲ್ಲಿ ಮೊಳೆತದ್ದನ್ನು, ಆ ಪ್ರತಿಷ್ಠೆಯ ಸಾವಿರದ ವರ್ಷದಲ್ಲಿ, ಆ ಸ್ವಾಮಿಗೆ ಕೈಮುಗಿದ ಇದೇ ಕೈಯಿಂದ ನಾನು ಮುರಿದಿದ್ದೆ. ಮರಳಿ ಅಂಟಿಸುವ ಉಪಾಯವಿಲ್ಲ. ಯಾರದೂ ಅಲ್ಲದುದನ್ನು ತೆಗೆದುಕೊಂಡರೆ ಕಳ್ಳತನವಾಗದು ಎಂದು ಅಂದು ತಿಳಿದಿದ್ದೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ಆಚಾರ್ಯರು ಹೇಳಿರುವುದರ ಅರ್ಥ ನನಗಾದುದು ಆ ಸಂಜೆ. ಆ ತುಂಡು ಇಂದಿಗೂ ನನ್ನ ಬಳಿ ಇದೆ. ಪ್ರತಿಕ್ರಮಣ ಮಾಡುವಾಗಲೆಲ್ಲ ಅದು ಕಣ್ಣ ಮುಂದೆ ಬರುತ್ತದೆ.

ನಮ್ಮ ಸೀಮೆಯಲ್ಲಿ ಒಂದು ಗಾದೆಯುಂಟು: ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ. ಹಿಂದೆ ಯಾಣಕ್ಕೆ ಹೋಗಲು ಮೈಯಲ್ಲಿ ಕಸುವು ಬೇಕಿತ್ತು. ಗಾದೆಯ ಸೊಕ್ಕು ಆ ಕಸುವು. 1996ರಲ್ಲಿ ‘ನಮ್ಮೂರ ಮಂದಾರ ಹೂವೇ’ ಚಲನಚಿತ್ರವು ಯಾಣವನ್ನು ನಾಡಿಗೆಲ್ಲ ತೋರಿಸಿತು. ರಸ್ತೆಯೂ ಹತ್ತಿರಕ್ಕೆ ಬಂದಿತು. ಬರುವವರು ಬರಲಿ, ಕಾಡನ್ನೂ ಕಲ್ಲನ್ನೂ ಕಂಡು ಸಂತೋಷಪಡಲಿ. ಆದರೆ ಕಸುವಿನ ಸೊಕ್ಕು ಹೋಗಿ ಬರಿಯ ಸೊಕ್ಕು ಉಳಿಯಬಾರದು. ಕಲ್ಲಿನ ಮೇಲೆ ಹೆಸರು ಕೆತ್ತುವವರನ್ನೂ, ಗುಹೆಯೊಳಗೆ ಕೂಗಿ ಪ್ರತಿಧ್ವನಿ ಕೇಳುವವರನ್ನೂ, ಪ್ಲಾಸ್ಟಿಕ್ ಬಾಟಲಿಗಳನ್ನು ಬಿರುಕಿಗೆ ತುರುಕುವವರನ್ನೂ ನಾವೆಲ್ಲ ಒಂದಲ್ಲ ಒಂದು ಕಡೆ ಕಂಡಿದ್ದೇವೆ. ಅವರ ನಡುವೆ ನಮ್ಮ ಮಕ್ಕಳೂ ಇರುತ್ತಾರೆ.

ಇದಕ್ಕಿಂತ ದೊಡ್ಡ ಆಪತ್ತು ಬೆಟ್ಟವನ್ನೇ ಅಗೆಯುವುದು. ತಮಿಳುನಾಡಿನ ಮಧುರೆ ಜಿಲ್ಲೆಯ ಅರಿಟ್ಟಾಪಟ್ಟಿಯ ಬೆಟ್ಟದಲ್ಲಿ ಜೈನ ಮುನಿಗಳ ಕಲ್ಲುಹಾಸಿಗೆಗಳೂ ತಮಿಳು–ಬ್ರಾಹ್ಮೀ ಶಾಸನವೂ ಇವೆ. 2022ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದ್ದರೂ, 2024ರಲ್ಲಿ ಆ ಪ್ರದೇಶವನ್ನೊಳಗೊಂಡ ನೆಲದಲ್ಲಿ ಟಂಗ್‌ಸ್ಟನ್ ಗಣಿಗಾರಿಕೆಗೆ ಹರಾಜು ನಡೆಯಿತು. ಸುತ್ತಲಿನ ಊರುಗಳ ಜನರು ಸಾವಿರಾರು ಸಂಖ್ಯೆಯಲ್ಲಿ ಎದ್ದು ನಿಂತರು. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹರಾಜನ್ನು ರದ್ದುಪಡಿಸಿತು. ತಾವು ಗಮನಿಸಬೇಕಾದುದು ಇಷ್ಟೇ: ಆ ರೈತರು ಜೈನರಲ್ಲ. ನಮ್ಮ ಮುನಿಗಳ ಹಾಸಿಗೆಗಳನ್ನು ಕಾದವರು ಅವರು. ಸ್ವಾದಿ, ಬಿಳಗಿ, ಗೇರುಸೊಪ್ಪೆ, ಹಾಡುವಳ್ಳಿಗಳಂಥ ಪರಂಪರೆಯುಳ್ಳ ಈ ಜಿಲ್ಲೆಯ ನಾವು, ಯಾವ ಸಮಾಜದವರು ಪೂಜಿಸುವ ಗುಹೆಯೇ ಆಗಲಿ, ಅದನ್ನು ಹಾಗೆಯೇ ಕಾಯಬೇಡವೇ? ಉಳವಿಯ ಗವಿಗಳು ಶರಣರಿಗೆ ಪವಿತ್ರ, ಯಾಣ ಕವಳಾಗಳು ಶಿವಭಕ್ತರಿಗೆ ಪವಿತ್ರ. ಶೂನ್ಯಾಗಾರದ ಗೌರವವಂತೂ ಎಲ್ಲಕ್ಕೂ ಒಂದೇ.

ಆದುದರಿಂದ ಈ ಮಹೋತ್ಸವದ ನೆನಪಿಗಾಗಿ ನಮ್ಮ ತರುಣರು ಕೈಗೊಳ್ಳಬಹುದಾದ ಕೆಲವು ಚಿಕ್ಕ ನಿಯಮಗಳನ್ನು ಸೂಚಿಸುತ್ತೇನೆ. ಗುಹೆಯೊಳಗೆ ಬೆಳೆಯುತ್ತಿರುವ ಯಾವ ಕಲ್ಲನ್ನೂ ಮುಟ್ಟಕೂಡದು. ನಮ್ಮ ಕೈಯ ಜಿಡ್ಡು ತಗುಲಿದೆಡೆ ಸುಣ್ಣ ಅಂಟದೆ ಬೆಳವಣಿಗೆ ಕೆಡುತ್ತದೆ. ಒಳಗೆ ಪಂಜು, ಪಟಾಕಿ, ಹೊಗೆ ಬೇಡ. ಮಾತು ಮೆಲ್ಲಗಿರಲಿ, ಮೌನವಾದರೆ ಇನ್ನೂ ಒಳ್ಳೆಯದು. ಒಳಗೆ ಒಯ್ದುದೆಲ್ಲ ಹೊರಗೆ ಬರಲಿ. ಒಳಗಿನದು ಒಂದು ಹರಳೂ ಹೊರಗೆ ಬಾರದಿರಲಿ. ಮತ್ತು ನಮ್ಮ ಊರುಗಳ ಸುತ್ತ ಕಾಡಿನಲ್ಲಿ, ತೋಟದಂಚಿನಲ್ಲಿ ಇರುವ ಗವಿಗಳನ್ನೂ ನಿಷಿಧಿಗಲ್ಲುಗಳನ್ನೂ ಹಿರಿಯರನ್ನು ಕೇಳಿ ಬರೆದಿಡಿರಿ. ಬರೆದಿಟ್ಟ ಊರಿನ ಗುಡ್ಡಕ್ಕೆ ಯಂತ್ರ ಹಚ್ಚಲು ಬರುವವನು ಸ್ವಲ್ಪವಾದರೂ ಹಿಂಜರಿಯುತ್ತಾನೆ.

ಇಂದು ಪ್ರತಿಷ್ಠೆಗೊಂಡ ಜಿನಬಿಂಬವೂ ಒಂದು ಕಾಲದಲ್ಲಿ ಬೆಟ್ಟದ ಕಲ್ಲೇ. ಅದನ್ನು ಕೇಳಿ, ಪೂಜಿಸಿ, ವಿಧಿಪೂರ್ವಕವಾಗಿ ತಂದು, ನಮ್ಮ ಹೊಸ ವಸತಿಯಲ್ಲಿ ನಿಲ್ಲಿಸಿದ್ದೇವೆ. ಗರ್ಭಗೃಹದ ಹೊಸ್ತಿಲನ್ನು ನಾವು ಹೇಗೆ ದಾಟುತ್ತೇವೆಯೋ, ಕೈಕಾಲು ತೊಳೆದು, ತಲೆಬಾಗಿ, ಮಾತು ನಿಲ್ಲಿಸಿ, ಹಾಗೆಯೇ ಪ್ರಕೃತಿಯು ಕಟ್ಟಿದ ಗರ್ಭಗೃಹಗಳ ಹೊಸ್ತಿಲನ್ನೂ ದಾಟುವ ವಿವೇಕ ನಮಗೆ ಬರಲಿ. ಎಲ್ಲಿಯೋ ಒಂದು ಕತ್ತಲೆಯ ಮಾಡಿನಲ್ಲಿ, ನಾನು ಮುರಿದ ಎಡೆಯಲ್ಲಿ, ಹನಿಯು ಮತ್ತೆ ಮೊದಲಿನಿಂದ ಕೆಲಸ ಹಿಡಿದಿರಬಹುದು. ಈ ನಲವತ್ತು ಚಿಲ್ಲರೆ ವರ್ಷಗಳಲ್ಲಿ ಅದು ಅರ್ಧ ಸೆಂಟಿಮೀಟರಿಗೂ ಕಡಿಮೆ ಬೆಳೆದಿರುತ್ತದೆ. ಅದನ್ನು ಇನ್ನೊಂದು ಕೈ ಮುರಿಯದಿರಲಿ ಎಂಬುದೊಂದೇ ನನ್ನ ಬೇಡಿಕೆ.